ಎರಡು ಕೋಣೆ, ಎರಡು ಸೆನ್ಸರ್, ಸರಾಸರಿ ಮಾತ್ರ ಒಂದೇ (ಪೈಥಾನ್ ಕ್ಲಾಸ್)

ಶಿಡ್ಲಘಟ್ಟ_ಗೂಡು:
ತಲೆ ಕೆಟ್ಟುಹೋಗಿದೆ. ರೇಷ್ಮೆ ಹುಳು ಸಾಕಣೆ ನಮ್ಮದು. ಚಾಕಿ (ಮರಿ ಹುಳು) ಕೋಣೆಗೊಂದು, ದೊಡ್ಡ ಹುಳು ಮನೆಗೊಂದು ಡಿಎಚ್‌ಟಿ22 (ಉಷ್ಣಾಂಶ, ತೇವಾಂಶ ಅಳೆಯೋ ಸೆನ್ಸರ್), ಎರಡೂ ಒಂದೇ ರಾಸ್ಪ್‌ಬೆರಿ ಪೈ ಬೋರ್ಡಿಗೆ. ಈಗಿನ ಉಷ್ಣಾಂಶ ಸರಿಯಾಗೇ ಬರುತ್ತೆ: ಚಾಕಿ 27.4, ದೊಡ್ಡದು 24.8. ಸರಾಸರಿ ಕೇಳಿದರೆ ಎರಡಕ್ಕೂ 26.1! ರಿಲೇ (ಹೀಟರ್ ಸ್ವಿಚ್) ಸರಾಸರಿ ನೋಡೋದರಿಂದ ಚಾಕಿ ಹೀಟರ್ ಆರೋದೇ ಇಲ್ಲ, ಕೈಯಲ್ಲೇ ಆರಿಸ್ತಿದ್ದೀನಿ. ಏನು ಮಾಡಲಿ?

ಕೋಲಾರ_ಸರ್ಕ್ಯೂಟ್:
ಪುಲ್-ಅಪ್ (ಡೇಟಾ ವೈರಿಗೂ ಸಪ್ಲೈಗೂ ನಡುವಿನ ರೆಸಿಸ್ಟರ್) ಹಾಕಿದ್ದೀರಾ? ಡೇಟಾ ಕಾಲಿಗೆ 4.7ಕೆ (ಕಿಲೋ ಓಮ್) ಬೇಕು. ವೈರ್ ಎಷ್ಟು ಉದ್ದ?

ಶಿಡ್ಲಘಟ್ಟ_ಗೂಡು:
8 ಮೀಟರ್. 4.7ಕೆ ಹಾಕಿದೆ ಸಾರ್, ಅದೇ ಕಥೆ.

ಕೋಲಾರ_ಸರ್ಕ್ಯೂಟ್:
ಹಾಗಾದರೆ ಸೆನ್ಸರ್ ಹತ್ತಿರಾನೇ ಸಪ್ಲೈಗೂ ಗ್ರೌಂಡಿಗೂ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೂರಿಸಿ. ಇದು ವೈರಿಂಗೇ.

ತುಮಕೂರು_ಕೋಡ್:
ವೈರಿಂಗ್ ಅಲ್ಲ ಸರ್. ವೈರ್ ಕೆಟ್ಟರೆ ಚೆಕ್‌ಸಮ್ (ಡೇಟಾ ಸರಿ ಬಂತಾ ಅಂತ ನೋಡೋ ಲೆಕ್ಕ) ತಪ್ಪಿ ರೀಡಿಂಗೇ ಬರಲ್ಲ. 27.4 ಮತ್ತು 24.8 ಕೂಡಿಸಿ ಎರಡರಿಂದ ಭಾಗಿಸಿ ನೋಡಿ: ಸರಿಯಾಗಿ 26.1. ಎರಡೂ ಕೋಣೆಯ ರೀಡಿಂಗ್ ಒಂದೇ ಪಟ್ಟಿಗೆ ಬೀಳ್ತಿದೆ. ಕ್ಲಾಸ್ ಕೋಡ್ ಹಾಕಿ.

ಶಿಡ್ಲಘಟ್ಟ_ಗೂಡು:
ಕೋಡ್ ಸರಿ ಇದೆ ಅಂತ ಹಾಕಿರಲಿಲ್ಲ. ಮೊಬೈಲಲ್ಲಿ ಕನ್ನಡದಲ್ಲೇ ಟೈಪ್ ಮಾಡ್ತಿದ್ದೀನಿ:

ಕ್ಲಾಸ್ ಕೋಣೆ:
    ಪಟ್ಟಿ = []
    ಡೆಫ್ __ಇನಿಟ್__(ಸೆಲ್ಫ್, ಹೆಸರು, ಪಿನ್):
        ಸೆಲ್ಫ್.ಹೆಸರು = ಹೆಸರು
        ಸೆಲ್ಫ್.ಪಿನ್ = ಪಿನ್
    ಡೆಫ್ ಸೇರಿಸು(ಸೆಲ್ಫ್, ಟಿ):
        ಸೆಲ್ಫ್.ಪಟ್ಟಿ.ಅಪೆಂಡ್(ಟಿ)

ತುಮಕೂರು_ಕೋಡ್:
ಎರಡನೇ ಸಾಲೇ ಕಾರಣ. ಕ್ಲಾಸ್ ಒಳಗಿನ ಸಾಲುಗಳು ಓಡೋದು ಒಂದೇ ಸಲ, ಆಗ ಹುಟ್ಟೋ ಪಟ್ಟಿಯೂ ಒಂದೇ. ಅದು ಕ್ಲಾಸಿನ ಸ್ವತ್ತು, ಆಬ್ಜೆಕ್ಟಿನದಲ್ಲ (ಆಬ್ಜೆಕ್ಟ್ ಅಂದರೆ ಕ್ಲಾಸಿನಿಂದ ಮಾಡಿದ ಒಂದೊಂದು ಕೋಣೆ: ಚಾಕಿ, ದೊಡ್ಡದು). ‘ಸೆಲ್ಫ್.ಹೆಸರು = ’ ಅಂತ ಬರೆದಾಗ ಆಯಾ ಆಬ್ಜೆಕ್ಟಿಗೆ ಹೊಸದಾಗಿ ಸೇರುತ್ತೆ, ಅದಕ್ಕೇ ಹೆಸರು, ಪಿನ್ ಬೇರೆ ಬೇರೆ ಇವೆ. ಅಪೆಂಡ್ ಹೊಸದೇನನ್ನೂ ಸೃಷ್ಟಿಸಲ್ಲ. ಆಬ್ಜೆಕ್ಟಿನಲ್ಲಿ ‘ಪಟ್ಟಿ’ ಹುಡುಕುತ್ತೆ, ಸಿಗದಿದ್ದರೆ ಕ್ಲಾಸಿನದಕ್ಕೇ ತುಂಬುತ್ತೆ.

ಖಾತ್ರಿ ಬೇಕಾದರೆ ‘ಚಾಕಿ.ಪಟ್ಟಿ ಈಸ್ ದೊಡ್ಡದು.ಪಟ್ಟಿ’ ಪ್ರಿಂಟ್ ಮಾಡಿ, ಟ್ರೂ ಬರುತ್ತೆ. ಆ ಸಾಲು ಅಳಿಸಿ, ಇನಿಟ್ ಒಳಗೆ ‘ಸೆಲ್ಫ್.ಪಟ್ಟಿ = []’ ಹಾಕಿ. ‘ಸೆಲ್ಫ್.’ ಬಿಟ್ಟರೆ ಅದು ಬರೀ ಲೋಕಲ್ ವೇರಿಯಬಲ್ ಆಗಿ ಇನಿಟ್ ಮುಗಿದ ಕೂಡಲೇ ಹೋಗುತ್ತೆ, ಸೇರಿಸು ಕರೆದಾಗ ಆಟ್ರಿಬ್ಯೂಟ್ ಎರರ್. ಇನಿಟ್‌ನ ಆವರಣದಲ್ಲಿ ‘ಪಟ್ಟಿ=[]’ ಅಂತಲೂ ಕೊಡಬೇಡಿ; ಡೀಫಾಲ್ಟ್ ಮೌಲ್ಯವೂ ಒಂದೇ ಸಲ ತಯಾರಾಗೋದು, ಮತ್ತೆ ಇದೇ ಗೋಳು.

ಚಿಂತಾಮಣಿ_ಲೂಪ್:
ಎರಡು ಸೆನ್ಸರ್‌ಗೆ ಕ್ಲಾಸ್ ಯಾಕ್ರೀ? ಡಿಕ್ಷನರಿ ಸಾಕು.

ತುಮಕೂರು_ಕೋಡ್:
ಪಿನ್, ಪಟ್ಟಿ, ಮಿತಿ, ಸರಾಸರಿ ಲೆಕ್ಕ ಎಲ್ಲ ಒಂದೇ ಕಡೆ ಇರುತ್ತೆ. ಮೂರನೇ ಕೋಣೆ ಬಂದರೆ ಒಂದು ಸಾಲು ಸೇರಿಸಿದರೆ ಆಯ್ತು.

ಕೋಲಾರ_ಸರ್ಕ್ಯೂಟ್:
ಏನೇ ಅನ್ನಿ, ಡಿಎಚ್‌ಟಿ22 ತೆಗೆದುಬಿಡಿ. ನಮ್ಮ ಸೆಟಪ್ಪಲ್ಲಿ ಎರಡೂ ಎಸ್‌ಎಚ್‌ಟಿ31 ಸೆನ್ಸರ್, ಒಂದೇ ಐ2ಸಿ ಬಸ್ಸಲ್ಲಿ (ಹಲವು ಚಿಪ್ ಹಂಚಿಕೊಳ್ಳೋ ವೈರ್ ಜೋಡಿ) 44, 45 ಹೆಕ್ಸ್ ವಿಳಾಸ. ಗಡಿಯಾರದ ಹಾಗೆ ಓಡ್ತಿದೆ.

ತುಮಕೂರು_ಕೋಡ್:
ಐ2ಸಿ ಇರೋದು ಬೋರ್ಡ್ ಪಕ್ಕದ ಚಿಪ್‌ಗಳಿಗೆ. 8 ಮೀಟರ್ ಎಳೆಯೋದಕ್ಕೆ ಶಿಫಾರಸು ಮಾಡಬೇಡಿ ಸರ್. ಇನ್ನೊಂದು, ಆ ಪುಲ್-ಅಪ್ 3.3 ವೋಲ್ಟಿಗೇ ಕಟ್ಟಿ; 5ಕ್ಕೆ ಕಟ್ಟಿದರೆ ಪೈ ಪಿನ್ ಸುಡಬಹುದು.

ಶಿಡ್ಲಘಟ್ಟ_ಗೂಡು:
ಸರಾಸರಿ ಬೇರೆ ಬೇರೆ ಆಯ್ತು! ತುಂಬಾ ಥ್ಯಾಂಕ್ಸ್ ಸಾರ್. ಆದರೆ 2 ಸೆಕೆಂಡಿಗೊಂದು ರೀಡಿಂಗ್, ಪಟ್ಟಿ ಬೆಳೀತಾನೇ ಇದೆ. ಎರಡನೇ ಜ್ವರ (ಹುಳು ಪೊರೆ ಬಿಡೋ ಹಂತ) ಎದ್ದಮೇಲೆ ಹೀಟರ್ ಆರೋ ಮಿತಿಯೂ ಇಳಿಸಬೇಕು. ಚಾಕಿಕೋಣೆ ಅಂತ ಬೇರೆ ಸಬ್‌ಕ್ಲಾಸ್ (ಕೋಣೆ ಕ್ಲಾಸಿನಿಂದ ಹುಟ್ಟೋ ಕ್ಲಾಸ್) ಮಾಡಲಾ?

ತುಮಕೂರು_ಕೋಡ್:
ದಿನಕ್ಕೆ 43,200 ರೀಡಿಂಗ್ ಆಗುತ್ತೆ. ಪೈಥಾನಿನ ಕಲೆಕ್ಷನ್ಸ್‌ನಿಂದ ಡೆಕ್ (deque, ತುಂಬಿದರೆ ಹಳೆಯದನ್ನು ಬಿಡೋ ಪಟ್ಟಿ) ತಂದು ‘ಸೆಲ್ಫ್.ಪಟ್ಟಿ = ಡೆಕ್(ಮ್ಯಾಕ್ಸ್‌ಲೆನ್=1800)’ ಅನ್ನಿ; ಕೊನೆಯ ಒಂದು ಗಂಟೆಯದು ಮಾತ್ರ ಉಳಿಯುತ್ತೆ. ರಿಲೇಗೆ ಅಷ್ಟೂ ಹೆಚ್ಚೇ, 150 ಅಂದರೆ 5 ನಿಮಿಷ, ಸಾಕು. ಸಬ್‌ಕ್ಲಾಸ್ ಬೇಡ. ಹುಳು ಬೆಳೆದಂತೆ ಬದಲಾಗೋದು ಒಂದು ಸಂಖ್ಯೆ, ಕೆಲಸದ ರೀತಿ ಅಲ್ಲ. ‘ಸೆಲ್ಫ್.ಮಿತಿ’ ಇಟ್ಟು, ಜ್ವರ ಎದ್ದಾಗ ಬದಲಾಯಿಸಿ.

ಚಿಂತಾಮಣಿ_ಲೂಪ್:
ಚಾಕಿಗೆ ತೇವಾಂಶದ ಮಿಸ್ಟರ್ (ಮಂಜಿನಂತೆ ನೀರು ಚಿಮ್ಮಿಸೋ ಯಂತ್ರ) ಕೂಡ ಓಡಿಸಬೇಕಾದರೆ? ಆಗ ಕೆಲಸದ ರೀತಿಯೇ ಬೇರೆ ಆಯ್ತಲ್ಲ, ಸಬ್‌ಕ್ಲಾಸ್ ಬೇಕೇ ಬೇಕು.

ತುಮಕೂರು_ಕೋಡ್:
ಆಗಲೂ ಬೇಡ. ಮಿಸ್ಟರ್‌ಗೆ ಅದರದೇ ಕ್ಲಾಸ್ ಬರೆದು, ಬೇಕಾದ ಕೋಣೆಗೆ ಇನಿಟ್‌ನಲ್ಲಿ ಕೊಡಿ. ಬೇಡದ ಕೋಣೆಗೆ ನನ್ (None, ಅಂದರೆ ‘ಏನೂ ಇಲ್ಲ’) ಕೊಡಿ.