ಮಂಗನ ಕಾಯಿಲೆಗೆ ಅಗ್ಗದ ಟೆಸ್ಟ್: ಲ್ಯಾಂಪ್ ಒಂದೇ ಸಾಕಾ?

ಸೊರಬದ_ಹುಡುಗಿ: ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಬಯೋಟೆಕ್ ಓದುತ್ತಿದ್ದೇನೆ. 1957ರಲ್ಲಿ ಈ ಕಾಯಿಲೆ ಮೊದಲು ಕಂಡದ್ದು ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ. ಹೋದ ಬೇಸಿಗೆಯಲ್ಲಿ ಉಣುಗು ಕಚ್ಚಿ ಚಿಕ್ಕಪ್ಪನಿಗೆ ಜ್ವರ ಬಂತು, ರಕ್ತ ದೂರದ ಲ್ಯಾಬಿಗೆ ಹೋಯಿತು, ರಿಪೋರ್ಟ್ ಬರುವವರೆಗೂ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅದಕ್ಕೇ ಪ್ರಾಜೆಕ್ಟ್‌ಗೆ ಲ್ಯಾಂಪ್ (LAMP) ಆರಿಸಿಕೊಂಡಿದ್ದೇನೆ, ಅಂದರೆ ವೈರಸ್ಸಿನ ಜೀನ್ ತುಂಡನ್ನು ಡಿಎನ್‌ಎ ಆಗಿ ಲಕ್ಷಾಂತರ ಪ್ರತಿ ಮಾಡಿ ಪತ್ತೆ ಹಚ್ಚುವ ವಿಧಾನ. ಪಿಸಿಆರ್ ಹಾಗೆ ಬಿಸಿ ಏರಿಸಿ ಇಳಿಸುವ ಮಷೀನ್ ಬೇಡ, 65 ಡಿಗ್ರಿ ಹತ್ತಿರ ಒಂದೇ ಬಿಸಿ ಇದ್ದರೆ ಸಾಕು, ಬಣ್ಣ ನೋಡಿ ಫಲಿತಾಂಶ ಹೇಳಬಹುದು. ಹೀಗೆ ಮಾಡಿದರೆ ಖರ್ಚು ಕಡಿಮೆಯಾಗುತ್ತದೆ ಅಲ್ವಾ?

ಲ್ಯಾಬ್_ಟೆಕ್ನಿಷಿಯನ್: ಒಳ್ಳೆ ಕೆಲಸಕ್ಕೆ ಕೈಹಾಕಿದ್ದೀರಿ ತಂಗಿ. ಆದರೆ ಮಷೀನ್ ಒಂದನ್ನೇ ನೋಡಬೇಡಿ. ಕಷ್ಟ ಇರುವುದು ಅದಕ್ಕಿಂತ ಮೊದಲು, ರಕ್ತದಿಂದ ವೈರಸ್ಸಿನ ಜೀನ್ ಇರುವ ಆರ್‌ಎನ್‌ಎ ತೆಗೆಯುವಲ್ಲಿ. ರಕ್ತ ಹಾಗೇ ಹಾಕಿದರೆ ಅದರಲ್ಲಿರುವ ಹೀಮೋಗ್ಲೋಬಿನ್, ಪ್ರತಿ ಮಾಡುವ ಎನ್‌ಜೈಮ್‌ಗೆ ಅಡ್ಡ ಬರುತ್ತದೆ. ಕಿಟ್ ತಂದರೆ ಅದರ ಖರ್ಚು ಬೇರೆ, ಮೇಲಾಗಿ ದ್ರವದ ಎನ್‌ಜೈಮ್‌ಗೆ ಮೈನಸ್ 20 ಡಿಗ್ರಿ ಫ್ರೀಜರ್ ಬೇಕು, ಕರೆಂಟ್ ಹೋದರೆ ಕೆಲಸ ಕೆಟ್ಟಿತು. ಒಣಗಿಸಿ ಪುಡಿ ಮಾಡಿದ ಎನ್‌ಜೈಮ್ ನೋಡಿ. ಇನ್ನೊಂದು ಮಾತು, ಲ್ಯಾಂಪ್‌ನಲ್ಲಿ ಡಿಎನ್‌ಎ ಸಿಕ್ಕಾಪಟ್ಟೆ ಹುಟ್ಟುತ್ತದೆ, ಚೂರು ಹೊರಬಂದರೂ ಬೇರೆ ಟ್ಯೂಬಿಗೆ ಸೇರಿಬಿಡುತ್ತದೆ. ನಮ್ಮಲ್ಲಿ ಒಮ್ಮೆ ಮುಗಿದ ಟ್ಯೂಬಿನ ಮುಚ್ಚಳ ತೆಗೆದಿದ್ದಕ್ಕೆ ಮುಂದಿನ ವಾರವೆಲ್ಲ ಬರೀ ನೀರು ಹಾಕಿದ ಟ್ಯೂಬೂ ಪಾಸಿಟಿವ್ ಬರುತ್ತಿತ್ತು. ಮುಚ್ಚಿದ ಟ್ಯೂಬಿನಲ್ಲೇ ಬಣ್ಣ ಕಾಣಬೇಕು. ದಯವಿಟ್ಟು ಜೀವಂತ ವೈರಸ್ ಮುಟ್ಟಬೇಡಿ, ಕೃತಕವಾಗಿ ಮಾಡಿಸಿದ ಆರ್‌ಎನ್‌ಎ ತುಂಡಿನಲ್ಲೇ ಶುರು ಮಾಡಿ.

ಬೆಂಗಳೂರು_ಕಿಟ್ಟಿ: ಟ್ರೂನ್ಯಾಟ್ ಅನ್ನುವ ಸಣ್ಣ ಟೆಸ್ಟ್ ಮಷೀನ್ ಬಗ್ಗೆ ಓದಿದ್ದೀರಾ? ಬೆಂಗಳೂರಿನ ಬಿಗ್‌ಟೆಕ್, ಗೋವಾದ ಮೋಲ್‌ಬಯೋ ಸೇರಿ ಮಾಡಿದ್ದು. ಬ್ಯಾಟರಿಯಲ್ಲಿ ನಡೆಯುತ್ತದೆ, ಚಿಪ್ ಮೇಲೆ ಪಿಸಿಆರ್, ಸುಮಾರು ಒಂದು ಗಂಟೆ. ಟಿಬಿಗೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಪುಣೆಯ ವೈರಾಣು ಸಂಸ್ಥೆ ಎನ್‌ಐವಿ ಜೊತೆ ಮಂಗನ ಕಾಯಿಲೆಗೂ ಒಂದು ಚಿಪ್ ಬಂದಿದೆ. ಎಷ್ಟೋ ತಾಲೂಕುಗಳಲ್ಲಿ ಟಿಬಿಗೆಂದು ಈ ಮಷೀನ್ ಈಗಾಗಲೇ ಇದೆ, ಅದೇ ಮಷೀನಿಗೆ ಚಿಪ್ ಮಾತ್ರ ತರಿಸಿದರೆ ಸಾಲದೇ ಅಂತ ನನ್ನ ಅನಿಸಿಕೆ. ಬೆಲೆ ಅನ್ನುವುದು ಬರೀ ಕೆಮಿಸ್ಟ್ರಿ ಅಲ್ಲ. ಇಂಥದೇ ಇನ್ನೊಂದು ಮಷೀನ್ ಆದ ಜೀನ್‌ಎಕ್ಸ್‌ಪರ್ಟ್ ಟಿಬಿ ಕಾರ್ಟ್ರಿಜ್ (ಒಂದು ಟೆಸ್ಟ್‌ಗೆ ಬಳಸುವ ಡಬ್ಬಿ) ಬಡ ದೇಶಗಳಿಗೆ 2012ರಿಂದ 9.98 ಡಾಲರ್ ಇತ್ತು, ಎಷ್ಟೋ ವರ್ಷ ಜನ ಒತ್ತಡ ಹಾಕಿದ ಮೇಲೆ 2023ರಲ್ಲಿ 7.97ಕ್ಕೆ ಇಳಿಯಿತು. ಟಿಬಿಗೆ ಲಕ್ಷಗಟ್ಟಲೆ ರೋಗಿಗಳಿದ್ದಾರೆ. ನಮ್ಮ ಮಲೆನಾಡಿನ ಕಾಯಿಲೆಗೆ ಅಷ್ಟು ದೊಡ್ಡ ಮಾರುಕಟ್ಟೆ ಎಲ್ಲಿದೆ?

ಹಳ್ಳಿ_ಡಾಕ್ಟರ್: ಯಾವ ಟೆಸ್ಟ್ ಆದರೂ ದಿನ ಲೆಕ್ಕ ಹಾಕಿ. ಜ್ವರದ ಮೊದಲ ವಾರ ರಕ್ತದಲ್ಲಿ ವೈರಸ್ ಚೆನ್ನಾಗಿ ಸಿಗುತ್ತದೆ, ಆಮೇಲೆ ಐಜಿಎಂ (ವೈರಸ್ ವಿರುದ್ಧ ದೇಹ ಮಾಡುವ ಪ್ರತಿಕಾಯ) ನೋಡಬೇಕು. ತಡವಾಗಿ ಬಂದವರಿಗೆ ನೆಗೆಟಿವ್ ಬಂತು ಅಂತ ಸುಮ್ನೆ ಮನೆಗೆ ಕಳಿಸಬಾರದು.

ಸೊರಬದ_ಹುಡುಗಿ: ಅಣ್ಣ, ಸರ್, ಎಲ್ಲರಿಗೂ ಥ್ಯಾಂಕ್ಸ್. ಆರ್‌ಎನ್‌ಎ ತೆಗೆಯುವುದನ್ನೇ ಮೊದಲು ಹಿಡಿಯುತ್ತೇನೆ. ಕಿಟ್ ಇಲ್ಲದೆ ರಕ್ತದಲ್ಲಿ ಬರೀ ಬಿಸಿ ಮಾಡಿ ಯಾರಾದರೂ ನೋಡಿದ್ದೀರಾ?