ಇ20 ಪೆಟ್ರೋಲು: ಬೆರಕೆಯೋ, ಕಲಬೆರಕೆಯೋ?

ಎಲ್ಲರಿಗೂ ನಮಸ್ಕಾರ.

ಎಥೆನಾಲ್ ಸೇರಿದ ಪೆಟ್ರೋಲಿಗೆ ನಿಮ್ಮ ಕಡೆ ಜನ ಏನೆನ್ನುತ್ತಾರೆ? ಪತ್ರಿಕೆಗಳಲ್ಲಿ ‘ಎಥೆನಾಲ್ ಮಿಶ್ರಿತ’ ಎಂದು ಬರುತ್ತದೆ. ನನಗೆ ಬೇಕಿರುವುದು ಬಾಯಿಮಾತು. ಇಲ್ಲಿ ಚಿಕ್ಕಮಗಳೂರಿನ ಗ್ಯಾರೇಜು, ಬಂಕುಗಳಲ್ಲಿ ನನ್ನ ಕಿವಿಗೆ ಜಾಸ್ತಿ ಬೀಳುವುದು ‘ಕಲಬೆರಕೆ ಪೆಟ್ರೋಲ್’. ಈ ಮಾತು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ, ಆದರೆ ಜನ ಸುಮ್ನೆ ಹಾಗೆ ಹೇಳುತ್ತಿಲ್ಲ ಅಂತಲೂ ಅನಿಸುತ್ತದೆ.

ಕಲಬೆರಕೆ ಅಂದರೆ ಕದ್ದು ಸೇರಿಸುವುದು. ಪೆಟ್ರೋಲಿಗೆ ಸೀಮೆಎಣ್ಣೆ ಸುರಿದರೆ ಅದು ಕಲಬೆರಕೆ, ಅಪರಾಧ. ಎಥೆನಾಲ್ ಹಾಗಲ್ಲ. ಸರ್ಕಾರವೇ 2003ರಲ್ಲಿ ಶೇ 5ರಿಂದ ಶುರು ಮಾಡಿ, 2022ಕ್ಕೆ ಶೇ 10 ಮುಟ್ಟಿಸಿ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20ಗೆ, ಅಂದರೆ ಶೇ 20 ಎಥೆನಾಲ್ ಸೇರಿದ ಪೆಟ್ರೋಲಿಗೆ, ಚಾಲನೆ ಕೊಟ್ಟಿತು. 2030ಕ್ಕೆ ಎಂದಿದ್ದ ಶೇ 20ರ ಗುರಿಯನ್ನು 2025-26ಕ್ಕೆ ಎಳೆದುಕೊಂಡಿತು. ಸೇರಿಸುವುದೂ ಕಂಪನಿಯ ಡಿಪೋದಲ್ಲಿ, ಬಂಕಿನಲ್ಲಲ್ಲ. ಆದ್ದರಿಂದ ಬಂಕಿನ ಹುಡುಗನನ್ನು ‘ಏನು ಕಲಬೆರಕೆ ಮಾಡಿದ್ದೀರಾ’ ಎಂದು ಬೈಯುವುದು ಅನ್ಯಾಯ.

ಹಾಗಿದ್ದರೂ ಮಾತು ಯಾಕೆ ಅಂಟಿಕೊಂಡಿತು? ನಮ್ಮೂರ ಕಾಫಿಪುಡಿ ಅಂಗಡಿಯನ್ನೇ ನೋಡಿ. ಅಲ್ಲಿ ಮೊದಲು ಕೇಳುವುದೇ ಚಿಕೋರಿ ಎಷ್ಟು ಹಾಕಲಿ ಅಂತ. ಎಂಬತ್ತಿಪ್ಪತ್ತು ಬೇಕಾದವರು ಹಾಗೆ ಹೇಳುತ್ತಾರೆ, ಬೇಡದವರು ಪ್ಯೂರ್ ಒಯ್ಯುತ್ತಾರೆ. ಪೊಟ್ಟಣದ ಮೇಲೆ ಪ್ರಮಾಣ ಬರೆಯಬೇಕು, ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು ಅಂತ ನಿಯಮವೂ ಇದೆ. ಹಾಗಾಗಿ ಚಿಕೋರಿ ಪುಡಿಯನ್ನು ಯಾರೂ ಕಲಬೆರಕೆ ಅನ್ನುವುದಿಲ್ಲ. ಹೇಳದೆ ಹುಣಸೆಬೀಜದ ಪುಡಿ ಸೇರಿಸಿದರೆ ಆಗ ಅನ್ನುತ್ತಾರೆ. ಅಂದರೆ ನಮ್ಮ ಬಳಕೆಯಲ್ಲಿ ಪದ ಬದಲಾಗುವುದು ಏನು ಸೇರಿತು ಅನ್ನುವುದರ ಮೇಲಲ್ಲ, ಕೇಳಿ ಹಾಕಿದರೋ ಕೇಳದೆ ಹಾಕಿದರೋ ಅನ್ನುವುದರ ಮೇಲೆ. ಇ20 ಕೂಡ ಎಂಬತ್ತಿಪ್ಪತ್ತೇ. ಆದರೆ ಬಂಕಿನಲ್ಲಿ ನಮ್ಮನ್ನು ಕೇಳುವವರಿಲ್ಲ, ಎಥೆನಾಲ್ ಇಲ್ಲದ್ದು ಕೊಡಿ ಎಂದರೆ ಮಾಮೂಲಿ ಪಂಪಿನಲ್ಲಿ ಸಿಗುವುದೂ ಇಲ್ಲ. ಆ ಸಿಟ್ಟೇ ‘ಕಲ’ ಅಂತ ಮುಂದೆ ಬಂದು ಕೂತಿದೆ, ಅಲ್ವಾ?

‘ಬೆರಕೆ ಪೆಟ್ರೋಲ್’ ಅಂದರೆ ಹೇಗೆ? ಬೆರಕೆ ಸೊಪ್ಪು ಅನ್ನುವಾಗ ಏನೂ ದೋಷವಿಲ್ಲ. ಆದರೆ ‘ಅವನು ಬಲು ಬೆರಕೆ’ ಅಂದರೆ ಕಪಟಿ ಅಂತ ಅರ್ಥ, ಅದರ ನೆರಳು ಬೀಳಬಹುದು. ಎಥೆನಾಲಿಗೆ ‘ಮದ್ಯಸಾರ’ ಎನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಕಾಕಂಬಿಯಿಂದ, ಕಬ್ಬಿನ ಹಾಲಿನಿಂದ, ಈಗ ಮುಸುಕಿನ ಜೋಳ, ನುಚ್ಚಕ್ಕಿಯಿಂದಲೂ ತಯಾರಾಗುವ ಈ ವಸ್ತುವಿಗೆ ಎಥೆನಾಲ್ ಎಂಬ ಹೆಸರೇ ಸಾಕು. ‘ಜೈವಿಕ ಇಂಧನ’ ತಪ್ಪಲ್ಲ, ಆದರೆ ಹಾಸನದ ಕಡೆ ಹಾಗೆಂದರೆ ಮಡೆನೂರಿನ ಜೈವಿಕ ಇಂಧನ ಪಾರ್ಕು, ಹೊಂಗೆ ಎಣ್ಣೆ ನೆನಪಾಗುತ್ತದೆ. ಅದು ಡೀಸೆಲ್ ಕಡೆಯ ವಿಷಯ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ‘ಇ20 ಕಂಪ್ಲಯಂಟ್’ (compliant) ಎಂಬುದಕ್ಕೆ ಎಲ್ಲರೂ ‘ಹೊಂದಿಕೊಳ್ಳುವ ವಾಹನ’ ಎಂದು ಬರೆಯುತ್ತಿದ್ದಾರೆ. ಇದರೊಳಗೆ ಎರಡು ಬೇರೆ ಸಂಗತಿಗಳಿವೆ. ಪೈಪು, ರಬ್ಬರು, ಸೀಲುಗಳು ಎಥೆನಾಲಿಗೆ ಹಾಳಾಗದೆ ಇರುವುದು ಒಂದು. ಎಂಜಿನ್ನೇ ಆ ಪೆಟ್ರೋಲಿಗೆ ತಕ್ಕಂತೆ ಟ್ಯೂನ್ ಆಗಿರುವುದು ಇನ್ನೊಂದು. 2021ರ ನೀತಿ ಆಯೋಗದ ವರದಿಯೇ ಇವೆರಡನ್ನು ಬೇರೆ ಮಾಡಿ, ಮೊದಲನೆಯದಕ್ಕೆ 2023ರ ಏಪ್ರಿಲ್, ಎರಡನೆಯದಕ್ಕೆ 2025ರ ಏಪ್ರಿಲ್ ಅಂತ ಹೇಳಿತ್ತು. ಅದೇ ವರದಿಯ ಪ್ರಕಾರ, ಇ10ಕ್ಕೆ ಟ್ಯೂನ್ ಆದ ಹಳೆಯ ಕಾರುಗಳಿಗೆ ಇ20 ಹಾಕಿದರೆ ಮೈಲೇಜು ಶೇ 6ರಿಂದ 7, ಬೈಕುಗಳಿಗೆ ಶೇ 3ರಿಂದ 4 ಇಳಿಯಬಹುದು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ ಸುಮಾರು ಒಂದು ಕಿಲೋಮೀಟರ್ ಹೋಯಿತು. ದಿನಾ ಮೂಡಿಗೆರೆಯಿಂದ ಇಲ್ಲಿಗೆ ಬಂದುಹೋಗುವವರಿಗೆ ಅದು ಸಣ್ಣದಲ್ಲ. ಮಳೆಗಾಲವಿಡೀ ನಿಂತೇ ಇರುವ ಗಾಡಿಯ ಟ್ಯಾಂಕಿಗೆ ತೇವ ಸೇರಿದರೆ ಎಥೆನಾಲ್ ಅದನ್ನು ಹೀರಿಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಮಲೆನಾಡಿನವರಿಗೆ ಇದೂ ಗೊತ್ತಿರಬೇಕು.

ನನ್ನ ಸಲಹೆ: ಭಾಗಗಳು ಕೆಡದೆ ಇರುವುದಕ್ಕೆ ‘ತಾಳುವ’, ಎಂಜಿನ್ ಟ್ಯೂನ್ ಆಗಿರುವುದಕ್ಕೆ ‘ಒಗ್ಗಿದ’. ಊರ ನೀರು ಒಗ್ಗಲಿಲ್ಲ ಅನ್ನುತ್ತೇವಲ್ಲ, ಅದೇ ಒಗ್ಗು. ‘ಇ20 ತಾಳುವ ಗಾಡಿ’ ಎಂದು ಓದಿದವರಿಗೆ ಮೈಲೇಜಿನ ಮಾತು ಇದರಲ್ಲಿ ಇಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ‘ಹೊಂದಿಕೊಳ್ಳುವ’ ಎಂದರೆ ಎಲ್ಲ ಸರಿಯಿದೆ ಅಂದುಕೊಂಡು ಜನ ಮೋಸ ಹೋಗುತ್ತಾರೆ.

ಕಡೂರು, ತರೀಕೆರೆ, ಅರಸೀಕೆರೆ ಕಡೆಯ ಮೆಕ್ಯಾನಿಕ್‌ಗಳು ಇವಕ್ಕೆ ಏನಾದರೂ ಬೇರೆ ಮಾತು ಬಳಸುತ್ತಾರಾ? ಕೇಳಿದವರು ದಯವಿಟ್ಟು ಕೇಳಿದ ಹಾಗೇ, ತಿದ್ದದೆ ಬರೆಯಿರಿ.