ಟಿಜೆ ರ‍್ಯಾಂಗ್ಲರ್: 2.5 ತೆಗೆದು 4.0 ಸಿಕ್ಸ್ ಕೂರಿಸಿದೆ, ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುತ್ತಿಲ್ಲ

ಡೆನ್ವರ್_ಜೀಪಣ್ಣ
ಎಲ್ಲರಿಗೂ ನಮಸ್ಕಾರ. ಮೂರು ವಾರಾಂತ್ಯ ಗ್ಯಾರೇಜಿನಲ್ಲೇ ಕಳೆದಿದ್ದೇನೆ. ಮನೆಯವಳು ಮಾತು ಬಿಡುವ ಮೊದಲು ಯಾರಾದರೂ ದಾರಿ ತೋರಿಸಿ.

ಗಾಡಿ 1997ರ ಜೀಪ್ ರ‍್ಯಾಂಗ್ಲರ್ ಟಿಜೆ. 2.5 ಲೀಟರ್ ನಾಲ್ಕು ಸಿಲಿಂಡರ್, ಎಎಕ್ಸ್-5 ಗೇರ್‌ಬಾಕ್ಸ್, ಹಿಂದೆ ಮುಂದೆ 4.11 ಆಕ್ಸಲ್ (ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 4.11 ಸುತ್ತು), 31 ಇಂಚಿನ ಟೈರ್. ಊರೊಳಗೆ ಓಡಾಡಲು ತೊಂದರೆ ಇಲ್ಲ. ಆದರೆ ಇಲ್ಲಿ ಅಮೆರಿಕದ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗ ಬರುವಷ್ಟರಲ್ಲಿ 11,000 ಅಡಿ ದಾಟಿರುತ್ತೇವೆ. 120 ಎಚ್‌ಪಿಯಲ್ಲಿ ಮೂರನೇ ಒಂದು ಭಾಗ ಆ ತೆಳು ಗಾಳಿಗೇ ಹೋಗುತ್ತದೆ. ಲಾರಿಗಳ ಜೊತೆ ಬಲಗಡೆ ಲೇನಿನಲ್ಲಿ, ಮೂರನೇ ಗೇರಿನಲ್ಲಿ ತೆವಳಿ ತೆವಳಿ ಸಾಕಾಗಿ ಹೋಯಿತು.

ಹಾಗಾಗಿ 1998ರ ಚೆರೋಕಿಯಿಂದ 4.0 ಲೀಟರಿನ ಆರು ಸಿಲಿಂಡರ್ ಇಂಜಿನ್ ತಂದೆ. ಎಎಕ್ಸ್-15 ಗೇರ್‌ಬಾಕ್ಸ್, ಬೆಲ್‌ಹೌಸಿಂಗ್ (ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಕವಚ), ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವುದು), ಕಂಪ್ಯೂಟರ್, ಇಂಜಿನ್ ವೈರಿಂಗ್ ಎಲ್ಲಾ 1997ರ ಒಂದು 4.0 ಟಿಜೆಯದ್ದು. ಅದನ್ನು ಒಬ್ಬರು ಬಿಡಿಬಿಡಿಯಾಗಿ ಮಾರುತ್ತಿದ್ದರು.

ಈಗ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ. ಸ್ಪಾರ್ಕ್ ಇಲ್ಲ. ಇಂಜೆಕ್ಟರ್ ಕೂಡ ಬಡಿಯುತ್ತಿಲ್ಲ. ಪೆಟ್ರೋಲ್ ಪ್ರೆಷರ್ 49 ಪಿಎಸ್‌ಐ ಇದೆ. ಬ್ಯಾಟರಿ ಹೊಸದು. ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಒಮ್ಮೆ ಬದಲಾಯಿಸಿ ನೋಡಿದೆ, ಅದೇ ಕಥೆ.

ಹೊಸಬ_97
ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಒಂದು ಹಲ್ಲು ತಪ್ಪಿ ಕೂತಿರಬೇಕು ಸಾರ್. ಲೂಸ್ ಮಾಡಿ ಸ್ವಲ್ಪ ತಿರುಗಿಸುತ್ತಾ ಸೆಲ್ಫ್ ಹೊಡೆಯಿರಿ, ಎಲ್ಲೋ ಒಂದು ಕಡೆ ಹಿಡಿದುಕೊಳ್ಳುತ್ತದೆ. ನಮ್ಮ ಹಳೇ ಅಂಬಾಸಿಡರ್‌ನಲ್ಲಿ ಹೀಗೇ ಮಾಡುತ್ತಿದ್ದೆವು.

ಗ್ರೀಸ್_ಕೈ
ಹೊಸಬರೇ, ಅಂಬಾಸಿಡರ್‌ನಲ್ಲಿ ಸರಿ, ಇಲ್ಲಿ ನಡೆಯುವುದಿಲ್ಲ. ಈ 4.0ದಲ್ಲಿ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಟೈಮಿಂಗ್ ಬದಲಾಗುವುದೇ ಇಲ್ಲ. ಟೈಮಿಂಗ್ ಲೆಕ್ಕ ಪೂರ್ತಿ ಕಂಪ್ಯೂಟರಿನದು, ಅದು ಕ್ರ್ಯಾಂಕ್ ಸೆನ್ಸರ್ ನೋಡಿ ತೀರ್ಮಾನಿಸುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ಸೆನ್ಸರ್ ಹೇಳುವುದು ಒಂದನೇ ಸಿಲಿಂಡರ್ ಯಾವ ಸುತ್ತಿನಲ್ಲಿದೆ ಅಂತ ಮಾತ್ರ. ಅದು ತಪ್ಪಿದ್ದರೂ ಸ್ಪಾರ್ಕ್ ಅಂತೂ ಎಲ್ಲೋ ಒಂದು ಕಡೆ ಬರಬೇಕಿತ್ತು.

ಜೀಪಣ್ಣ, ಎರಡು ಪ್ರಶ್ನೆ. ಒಂದು, ಸ್ಪಾರ್ಕ್ ಹುಟ್ಟಿಸುವ ಕಾಯಿಲ್‌ಗೆ ಬರುವ ಕಡುಹಸಿರು-ಕಿತ್ತಳೆ ಪಟ್ಟಿಯ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಕೀ ಆನ್ ಮಾಡಿದಾಗ ಏನಾಗುತ್ತದೆ, ಸೆಲ್ಫ್ ಹೊಡೆಯುವಾಗ ಏನಾಗುತ್ತದೆ? ಎರಡು, ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಎಷ್ಟು ತೋರಿಸುತ್ತದೆ?

ಡೆನ್ವರ್_ಜೀಪಣ್ಣ
ಲ್ಯಾಂಪ್ ಕೀ ಆನ್ ಮಾಡಿದಾಗ ಒಂದೆರಡು ಸೆಕೆಂಡ್ ಉರಿದು ಆರುತ್ತದೆ. ಸೆಲ್ಫ್ ಹೊಡೆಯುವಾಗ ಒಮ್ಮೊಮ್ಮೆ ಮಿಣುಕುತ್ತದೆ, ನಿಲ್ಲುವುದಿಲ್ಲ. ಆರ್‌ಪಿಎಂ ಅಂತೂ ತಮಾಷೆ. ಒಮ್ಮೆ 0, ಇನ್ನೊಮ್ಮೆ ಏನೇನೋ ದೊಡ್ಡ ಸಂಖ್ಯೆ, ಮತ್ತೆ 0. ಕಂಪ್ಯೂಟರೇ ಹೋಗಿದೆಯಾ ಅಂತ ಅನುಮಾನ. ಅಥವಾ ಬೇರೆ ಗಾಡಿಯ ಕಂಪ್ಯೂಟರ್ ಆದ್ದರಿಂದ ಕಳ್ಳತನ ತಡೆಯುವ ಲಾಕ್ ಬಿದ್ದಿದೆಯಾ?

ಗ್ರೀಸ್_ಕೈ
ಲಾಕ್ ಅಲ್ಲ. ಅದು ಬಿದ್ದರೆ ಇಂಜಿನ್ ಒಂದು ಸಲ ಸ್ಟಾರ್ಟ್ ಆಗಿ ಎರಡು ಸೆಕೆಂಡಿನಲ್ಲಿ ಸಾಯುತ್ತದೆ. ನಿಮ್ಮದು ಹುಟ್ಟೇ ಇಲ್ಲ.

ಕಂಪ್ಯೂಟರನ್ನೂ ಈಗಲೇ ಬೈಯಬೇಡಿ. ಲ್ಯಾಂಪ್ ಒಂದೆರಡು ಸೆಕೆಂಡ್ ಉರಿದು ಆರಿತು ಅಂದರೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ಕೀ ಆನ್ ಆದಾಗ ರಿಲೇ ಎಳೆಯುತ್ತದೆ, ಇಂಜಿನ್ ತಿರುಗುತ್ತಿದೆ ಅನ್ನುವ ಸುದ್ದಿ ಬರಲಿಲ್ಲ ಅಂದರೆ ಬಿಡುತ್ತದೆ. ಆ ರಿಲೇಯಿಂದಲೇ ಕಾಯಿಲ್‌ಗೂ ಇಂಜೆಕ್ಟರ್‌ಗೂ ಕರೆಂಟು. ಅದಕ್ಕೇ ಎರಡೂ ಒಟ್ಟಿಗೆ ಸತ್ತಿವೆ. ಸೆನ್ಸರ್ ಸುಮ್ಮನಿದ್ದರೆ ಆರ್‌ಪಿಎಂ 0 ಅಂತಲೇ ಇರುತ್ತಿತ್ತು. ನಿಮ್ಮಲ್ಲಿ ಸುದ್ದಿ ಬರುತ್ತಿದೆ, ಆದರೆ ಕಂಪ್ಯೂಟರಿಗೆ ಅರ್ಥವಾಗದ ಭಾಷೆಯಲ್ಲಿ ಬರುತ್ತಿದೆ.

ಸೆನ್ಸರಿನ ಸಿಗ್ನಲ್ ವೈರಿಗೆ ಮೀಟರ್ ಹಾಕಿ. ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ 19ರ ಸಾಕೆಟ್ ಹಾಕಿ ಕೈಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಮೀಟರ್ 5 ವೋಲ್ಟಿನಿಂದ ಸೊನ್ನೆ ಹತ್ತಿರಕ್ಕೆ ಇಳಿದು ಏರಬೇಕು. ಒಂದು ಸುತ್ತಿಗೆ ಸರಿಯಾಗಿ 12 ಸಲ. ನಾಲ್ಕು ಹತ್ತಿರ ಹತ್ತಿರ, ಒಂದು ಬಿಡುವು, ಮತ್ತೆ ನಾಲ್ಕು. ಎಣಿಸಿ ಹೇಳಿ.

ಮತ್ತೆ, ಚೆರೋಕಿ ಆಟೋಮ್ಯಾಟಿಕ್ ಗಾಡಿಯಾ?

ಡೆನ್ವರ್_ಜೀಪಣ್ಣ
ಎಣಿಸಲು ಆಗಲಿಲ್ಲ. ಮುಳ್ಳು ಸುಮ್ನೆ ನಡುಗುತ್ತಾ ಹೋಗುತ್ತದೆ. ಬಿಡುವು ಇದ್ದ ಹಾಗೆ ಕಾಣುತ್ತದೆ, ಆದರೆ ನಾಲ್ಕು-ನಾಲ್ಕು ಅಂತೂ ಅಲ್ಲ.

ಹೌದು, ಚೆರೋಕಿ ಆಟೋಮ್ಯಾಟಿಕ್. ಕ್ರ್ಯಾಂಕ್ ಹಿಂದೆ ಪೈಲಟ್ ಬೇರಿಂಗ್ ಇರಲಿಲ್ಲ, ಹೊಸದು ಒತ್ತಿ ಕೂರಿಸಿದೆ.

ಗ್ರೀಸ್_ಕೈ
ಹಾಗಾದರೆ ಅದಕ್ಕೆ ಫ್ಲೈವೀಲ್ ಕೂಡ ಇರಲಿಲ್ಲ, ಕ್ರ್ಯಾಂಕ್ ಹಿಂದೆ ಕೂರುವ ಆ ಭಾರದ ಚಕ್ರ. ಕ್ರ್ಯಾಂಕ್ ಸೆನ್ಸರ್ ಓದುವುದು ಅದರ ಮೇಲಿನ ಕಚ್ಚುಗಳನ್ನೇ. ಆಟೋಮ್ಯಾಟಿಕ್‌ಗೆ ಇರುವುದು ತೆಳು ಫ್ಲೆಕ್ಸ್ ಪ್ಲೇಟ್. ನಿಮ್ಮ ಪಟ್ಟಿಯಲ್ಲಿ ಎಲ್ಲಾ ಬರೆದಿದ್ದೀರಿ, ಫ್ಲೈವೀಲ್ ಮಾತ್ರ ಬರೆದಿಲ್ಲ. ಅದು ಎಲ್ಲಿಂದ ಬಂತು ಗುರುಗಳೇ?

ಡೆನ್ವರ್_ಜೀಪಣ್ಣ
ಆ 97ರ ಟಿಜೆಯ ಇಂಜಿನ್ ಫ್ಲೈವೀಲ್ ಸಮೇತ ಬೇರೆಯವರಿಗೆ ಹೋಗಿತ್ತು. ಗುಜರಿಯಲ್ಲಿ ಹುಡುಕಿದೆ, 4.0 ಮ್ಯಾನ್ಯುಯಲ್ ಚೆರೋಕಿಯದ್ದು ಸಿಕ್ಕಿತು, 40 ಡಾಲರ್. ಬೋಲ್ಟ್ ಎಲ್ಲಾ ಸರಿಯಾಗಿ ಕೂತಿತು. ಕ್ಲಚ್ಚೂ ಕೂತಿತು. ಗಾಡಿ ಯಾವ ವರ್ಷದ್ದು ಅಂತ ಕೇಳಲಿಲ್ಲ. ತುಂಬಾ ಹಳೆಯದು. 1989 ಇರಬಹುದು.

ಗ್ರೀಸ್_ಕೈ
ಸಿಕ್ಕಿತು ಕಳ್ಳ.

4.0 ಇಂಜಿನ್ 1987ರಿಂದ 90ರವರೆಗೆ ರೆನಿಕ್ಸ್ ಅನ್ನುವ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಓಡಿತು. 1991ರಿಂದ ಕ್ರೈಸ್ಲರ್ ಕಂಪ್ಯೂಟರ್ ಬಂತು. ಕಬ್ಬಿಣ ಹೆಚ್ಚುಕಮ್ಮಿ ಅದೇ, ಬೋಲ್ಟ್ ತೂತೂ ಅದೇ. ಬದಲಾದದ್ದು ಸೆನ್ಸರ್ ಓದುವ ಗುರುತು. ರೆನಿಕ್ಸ್ ಫ್ಲೈವೀಲಿನಲ್ಲಿ ಸುತ್ತಲೂ ಹಲ್ಲು, ಮೂರು ಕಡೆ ಬಿಡುವು. ಅದರ ಸೆನ್ಸರ್ ಎರಡು ವೈರಿನ ಮ್ಯಾಗ್ನೆಟ್. ಆಮೇಲಿನದರಲ್ಲಿ ಬರೀ 12 ಕಚ್ಚು, ನಾಲ್ಕರಂತೆ ಮೂರು ಗುಂಪು, ಗುಂಪಿಗೊಂದು ಜೋಡಿ ಸಿಲಿಂಡರ್. ಅದರ ಸೆನ್ಸರ್ ಮೂರು ವೈರಿನ ಹಾಲ್ ಸೆನ್ಸರ್. ನಿಮ್ಮ 97ರ ಕಂಪ್ಯೂಟರ್ 12 ಕಚ್ಚು ಹುಡುಕುತ್ತಿದೆ, ಅದಕ್ಕೆ ಸಿಗುತ್ತಿರುವುದು ಗರಗಸ.

ನಿಮ್ಮ ಹಳೇ 2.5ರಲ್ಲಿ ಎಂಟೇ ಕಚ್ಚು ಇರುತ್ತದೆ, ನಾಲ್ಕರಂತೆ ಎರಡು ಗುಂಪು. ನಾಲ್ಕು ಸಿಲಿಂಡರಿಗೆ ಅಷ್ಟೇ ಸಾಕು.

ಗೇರ್‌ಬಾಕ್ಸ್ ಇಳಿಸುವ ಮೊದಲು ಖಾತ್ರಿ ಮಾಡಿಕೊಳ್ಳಿ. ಸೆನ್ಸರ್ ಬಿಚ್ಚಿ, ಆ ಕಿಂಡಿಯಲ್ಲಿ ಫೋನಿಗೆ ಹಾಕುವ ಸಣ್ಣ ಕ್ಯಾಮೆರಾ ತೂರಿಸಿ, ಇಂಜಿನ್ ಕೈಯಲ್ಲಿ ತಿರುಗಿಸಿ.

ಡೆನ್ವರ್_ಜೀಪಣ್ಣ
ನೋಡಿದೆ. ಹಲ್ಲೇ ಹಲ್ಲು.

ಒಂದು ಆಸೆ. 1989ರ ಕಂಪ್ಯೂಟರ್, ವೈರಿಂಗ್, ಸೆನ್ಸರ್ ತಂದು ಹಾಕಿದರೆ ಗೇರ್‌ಬಾಕ್ಸ್ ಇಳಿಸುವುದು ತಪ್ಪುತ್ತದಲ್ವಾ?

ಗ್ರೀಸ್_ಕೈ
ಆಸೆ ಬಿಡಿ. ಮೀಟರ್‌ಗಳು ಕಂಪ್ಯೂಟರಿನ ಜೊತೆ ಮಾತಾಡುವುದು ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಹೊಗೆ ತಪಾಸಣೆ. ಇಂಜಿನ್ ಬದಲಿಸುವಾಗ ಅದು ಗಾಡಿಯ ವರ್ಷದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನೆಲ್ಲಾ ಜೊತೆಗೆ ಬರಬೇಕು. 97ರ ಗಾಡಿಗೆ 98ರ ಇಂಜಿನ್ ತಂದು ಅಲ್ಲಿ ಜಾಣತನ ಮಾಡಿದ್ದೀರಿ. ಈಗ 89ರ ಕಂಪ್ಯೂಟರ್ ಹಾಕಿದರೆ ತಪಾಸಣೆಯವರು ಸ್ಕ್ಯಾನರ್ ಚುಚ್ಚುವ ಜಾಗವೇ ಸತ್ತಿರುತ್ತದೆ.

ಇಳಿಸಿ. 1991ರಿಂದ 99ರೊಳಗಿನ 4.0 ಮ್ಯಾನ್ಯುಯಲ್ ಫ್ಲೈವೀಲ್ ತನ್ನಿ, ದುಡ್ಡು ಕೊಡುವ ಮೊದಲು ಕಚ್ಚು ಎಣಿಸಿ. ಬೆಲ್‌ಹೌಸಿಂಗಿನ ಮೇಲಿನ ಎರಡು ಬೋಲ್ಟ್ ಗೊತ್ತಲ್ಲ, ನಕ್ಷತ್ರದ ತಲೆಯವು? ಇ12 ಸಾಕೆಟ್ಟೇ ಬೇಕು. ಮೇಲಿಂದ ಕೈ ಹೋಗುವುದಿಲ್ಲ. ಗೇರ್‌ಬಾಕ್ಸ್ ಹಿಂಭಾಗ ಸ್ವಲ್ಪ ತಗ್ಗಿಸಿ, ಎರಡು ಮೂರು ಉದ್ದ ಎಕ್ಸ್‌ಟೆನ್ಷನ್ ಜೋಡಿಸಿ ಟ್ರಾನ್ಸ್‌ಫರ್ ಕೇಸ್ ಮೇಲಿಂದ ಹಾಯಿಸಿ. ತಲೆ ಸವೆದರೆ ಆ ವಾರಾಂತ್ಯವೂ ಹೋಯಿತು ಅಂತ ತಿಳಿಯಿರಿ.

ಮಲೆನಾಡು_ಜೀಪು
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಸಕಲೇಶಪುರದಲ್ಲಿ ನನ್ನ ಹತ್ತಿರ ಮಹೀಂದ್ರಾದ ಎಂಎಂ540 ಜೀಪು ಇದೆ. ತೋಟದ ದಾರಿಗೆ ಸಾಕು, ಘಾಟಿ ಹತ್ತುವಾಗ ಉಸಿರು ಕಟ್ಟುತ್ತದೆ. ಯಾವುದಾದರೂ ಆರು ಸಿಲಿಂಡರ್ ಹಾಕಬಹುದಾ?

ಗ್ರೀಸ್_ಕೈ
ಬೆಸುಗೆ ಹಾಕಿದರೆ ಏನು ಬೇಕಾದರೂ ಕೂರುತ್ತದೆ, ಆರ್‌ಸಿ ಪುಸ್ತಕದಲ್ಲಿ ಕೂರಬೇಕಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಜಿನ್ ಬದಲಿಸಲು ಮೊದಲೇ ಆರ್‌ಟಿಓ ಒಪ್ಪಿಗೆ ಬೇಕು. ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅಪಘಾತವಾದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ಆ ಪ್ಯೂಜೊ ಡೀಸೆಲ್ಲಿನ ಪಂಪು, ನಾಜಲ್ ಒಮ್ಮೆ ಒಳ್ಳೆಯವರ ಹತ್ತಿರ ಮಾಡಿಸಿ. ಅರ್ಧ ಉಸಿರು ಅಲ್ಲೇ ಸಿಗುತ್ತದೆ.

ಡೆನ್ವರ್_ಜೀಪಣ್ಣ
ಓಡಿತು! ಫ್ಲೈವೀಲ್ 1995ರ ಚೆರೋಕಿಯದ್ದು. ಗುಜರಿಯಲ್ಲೇ ನೆಲಕ್ಕೆ ಕೂತು ಎರಡು ಸಲ ಎಣಿಸಿದೆ, 12. ಕೌಂಟರಿನವರು ಅನುಮಾನದಿಂದ ನೋಡಿದರು. ಗೇರ್‌ಬಾಕ್ಸ್ ಇಳಿಸಿ ಏರಿಸಲು ಎರಡು ದಿನ ಹಿಡಿಯಿತು, ಒಂದು ನಕ್ಷತ್ರದ ಬೋಲ್ಟಿಗೆ ಅರ್ಧ ದಿನ. ಸೆಲ್ಫ್ ಮುಟ್ಟಿದ್ದೇ ತಡ, ಹಿಡಿದುಕೊಂಡಿತು. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ಓಡುವ ಸದ್ದು ಕೇಳಿ ಮನೆಯವಳೂ ಹೊರಗೆ ಬಂದು ನೋಡಿದಳು.

ನಿನ್ನೆ ಸುರಂಗದವರೆಗೆ ಹೋಗಿ ಬಂದೆ. ನಾಲ್ಕನೇ ಗೇರಿನಲ್ಲೇ ಹತ್ತಿತು. ಐದನೇ ಗೇರಿನಲ್ಲಿ 65 ಮೈಲಿಗೆ 2,300 ಆರ್‌ಪಿಎಂ ಆಸುಪಾಸು ಇರಬೇಕು ಅಂತ ಲೆಕ್ಕ ಹಾಕಿದ್ದೆ. ಆದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತಿದೆ. ಫೋನಿನ ಜಿಪಿಎಸ್‌ನಲ್ಲಿ 60 ಇದ್ದರೆ ಅಲ್ಲಿ 80. ಇದೂ ಸೆನ್ಸರಾ?

ಗ್ರೀಸ್_ಕೈ
ಸೆನ್ಸರ್ ಸರಿ ಇದೆ. ಟ್ರಾನ್ಸ್‌ಫರ್ ಕೇಸ್ ಕೊಟ್ಟ ಜೀಪಿನ ಆಕ್ಸಲ್ 3.07 ಇದ್ದಿರಬೇಕು. ನಿಮ್ಮದು 4.11. ಒಂದನ್ನು ಇನ್ನೊಂದರಿಂದ ಭಾಗಿಸಿ, 1.34 ಬರುತ್ತದೆ. 60ನ್ನು ಅದರಿಂದ ಗುಣಿಸಿದರೆ ನಿಮ್ಮ 80. ಟ್ರಾನ್ಸ್‌ಫರ್ ಕೇಸಿನ ಬಾಲದಲ್ಲಿ ಸ್ಪೀಡ್ ಸೆನ್ಸರಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಗೇರ್ ಇದೆ. ಆಕ್ಸಲ್‌ಗೂ ಟೈರ್‌ಗೂ ತಕ್ಕಂತೆ ಅದರ ಹಲ್ಲಿನ ಲೆಕ್ಕ ಬದಲಾಗುತ್ತದೆ. ನಿಮ್ಮ ಹಳೇ ಟ್ರಾನ್ಸ್‌ಫರ್ ಕೇಸಿನಲ್ಲಿರುವುದನ್ನು ಬಿಚ್ಚಿ ಇದಕ್ಕೆ ಹಾಕಿ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ.

ಡೆನ್ವರ್_ಜೀಪಣ್ಣ
ಹಳೇ ಟ್ರಾನ್ಸ್‌ಫರ್ ಕೇಸ್ ಮೊನ್ನೆ ಶನಿವಾರ ಮಾರಿಬಿಟ್ಟೆ.

ಗ್ರೀಸ್_ಕೈ
ತಗೊಂಡವರ ನಂಬರ್ ಇದೆ ತಾನೆ? ಅವರ ಆಕ್ಸಲ್ 3.07 ಅಂತಾದರೆ ಅವರಿಗೆ ಬೇಕಿರುವುದು ನಿಮ್ಮಲ್ಲಿರುವ ಗೇರ್. ಫೋನ್ ಮಾಡಿ.